ಹಿಂದಲೆಯ ಸಾಲು

"ಈ ಮುಳ್ಳಿನದು ಬೇಡವೇ ಬೇಡ," ಎಂದು ತಾಯಿ ಊಟದ ಮೇಜಿನ ಮೇಲೆ ಹರಡಿದ್ದ ರೋಲರುಗಳಲ್ಲಿ ಒಂದನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು. "ಹೋದ ಸಲ ಅದನ್ನ ಬಿಡಿಸೋಕೆ ಕತ್ತರಿ ತರಬೇಕಾಯ್ತು."

"ನಿಮ್ಮ ಕೂದಲು ರೇಷ್ಮೆ ಥರ ಅಲ್ವಾ ಅತ್ತೆ, ಅದಕ್ಕೇ ಹಿಡ್ಕೊಳ್ಳುತ್ತೆ," ಎಂದಳು ಸೊಸೆ.

"ರೇಷ್ಮೆ ಅಲ್ಲ, ಜೇಡರ ಬಲೆ ಅನ್ನು."

ಮೇಜಿನ ಮೇಲೆ ಮೂರು ಜಾತಿಯ ರೋಲರುಗಳಿದ್ದವು. ಒಂದು, ತಾಯಿ ವಯಸ್ಸಿನಲ್ಲಿ ಬಳಸುತ್ತಿದ್ದ ಪ್ಲಾಸ್ಟಿಕ್ಕಿನವು. ಮೈತುಂಬ ತೂತು, ಒಂದೊಂದಕ್ಕೂ ಹಲ್ಲು ಕಚ್ಚಿದಂತೆ ಕೂರುವ ಕ್ಲಿಪ್ಪು. ಇನ್ನೊಂದು, ಸೊಸೆ ತನಗೆಂದು ತಂದುಕೊಂಡಿದ್ದ ಮುಳ್ಳುಮೈಯವು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಇವಕ್ಕೆ ಕ್ಲಿಪ್ಪು ಬೇಕಿಲ್ಲ. ಮೂರನೆಯವು ನಿನ್ನೆ ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಅವಳೇ ಅತ್ತೆಗೆಂದು ಆರಿಸಿ ತಂದ ಸ್ಪಂಜಿನವು. ಗುಲಾಬಿ ಬಣ್ಣ, ಹಿಚುಕಿದರೆ ಮುದುಡಿ ಮತ್ತೆ ಉಬ್ಬುತ್ತಿದ್ದವು. ಸಣ್ಣವು ಹೆಬ್ಬೆರಳಿನಷ್ಟು, ದೊಡ್ಡವು ಔಷಧಿ ಬಾಟಲಿಯಷ್ಟು ದಪ್ಪ.

"ಸಣ್ಣದು ಹಾಕಿದ್ರೆ ಗಟ್ಟಿ ಗುಂಗುರು ಬರುತ್ತೆ. ಕುರಿಮರಿ ಥರ. ದೊಡ್ಡದು ಹಾಕಿದ್ರೆ ಸುಮ್ಮನೆ ಅಲೆ ಅಲೆಯಾಗಿ ನಿಲ್ಲುತ್ತೆ," ಎಂದು ಸೊಸೆ ಎರಡನ್ನೂ ಅತ್ತೆಯ ಕಿವಿಯ ಪಕ್ಕ ಹಿಡಿದು, ತಲೆ ಓರೆ ಮಾಡಿ ನೋಡಿದಳು. "ದೊಡ್ಡದೇ ಇರಲಿ. ಕುರಿಮರಿ ಆಗೋ ವಯಸ್ಸು ದಾಟಿದೆ ನಿಮಗೆ."

"ಕೇಳಿಸ್ಕೊಂಡ್ಯಾ ನಿನ್ನ ಹೆಂಡತಿ ಮಾತು," ಎಂದು ತಾಯಿ ಕಿಟಕಿಯ ಕಡೆಗೆ ಹೇಳಿದಳು.

ಕಿಟಕಿಯ ಕೆಳಗೆ ಮಗ ಮೇಜುಫ್ಯಾನಿನ ಬೆನ್ನು ಬಿಚ್ಚಿಕೊಂಡು ಕೂತಿದ್ದ. ಲಿಫ್ಟು ರಿಪೇರಿಯವನಿಗೆ ಭಾನುವಾರ ರಜೆ; ಆದರೂ ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅವನಿಗೆ ಸಮಾಧಾನವಿಲ್ಲ. ಫ್ಯಾನಿಗೆ ಏನೂ ಆಗಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಅವನು "ಹೂಂ" ಎಂದ, ಅಷ್ಟೇ. ಒಂದು ವಾರದಿಂದ ತಾಯಿಗೆ ಅವನು ಕೊಡುತ್ತಿದ್ದುದು ಹೂಂ ಮತ್ತು ಉಹೂಂ ಎರಡೇ.

ಇದೆಲ್ಲ ಶುರುವಾದದ್ದು ಒಂದು ಬಾಗಿಲಿನಿಂದ. ಕೆಲವು ತಿಂಗಳ ಹಿಂದೆ ತಾಯಿ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಬಾಗಿಲು ಹಿಂದಿನಿಂದ ತಾನೇ ಮುಚ್ಚಿಕೊಂಡಿತ್ತು. ಕೀಲಿ ಒಳಗೆ. ಪಕ್ಕದ ಮನೆಯವರು ಬೀದಿ ತಿರುವಿನ ಬೀಗದ ಅಂಗಡಿಯವರನ್ನು ಕರೆಸಿದರು. ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಬಾಗಿಲು ತೆಗೆದರು. ಚಹಾ ಕುಡಿದು ಮುಗಿಸಲು ಮಾತ್ರ ಇಡೀ ಮಧ್ಯಾಹ್ನ ಬೇಕಾಯಿತು. ಆಮೇಲೆ ಕರೆಯದೆಯೇ ಬಂದು ಕೀಲುಗಳಿಗೆ ಎಣ್ಣೆ ಬಿಟ್ಟರು. ಇನ್ನೊಂದು ದಿನ ಕಿಟಕಿಯ ಚಿಲಕ ಸಡಿಲವಾಗಿದೆ ಎಂದು ಬೀದಿಯಿಂದಲೇ ಕಂಡುಹಿಡಿದು ಬಂದರು. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದ, ನಗುವಾಗ ಭುಜ ಕುಣಿಸುವ ಮನುಷ್ಯ. ಮನೆಯಲ್ಲಿ ಅವರಿಗೆ ಬೀಗದವರು ಎಂದೇ ಹೆಸರಾಯಿತು. "ಬೀಗದವರು ನಮಗೆ ಬೀಗರಾಗೋ ಹಾಗೆ ಕಾಣ್ತಿದೆ," ಎಂದು ಸೊಸೆ ಒಂದು ರಾತ್ರಿ ಊಟದಲ್ಲಿ ನಕ್ಕಿದ್ದಳು. ಮಗ ನಕ್ಕಿರಲಿಲ್ಲ.

ಹೋದ ಭಾನುವಾರ ತಾಯಿ ತಟ್ಟೆಯನ್ನು ನೋಡುತ್ತಲೇ ಹೇಳಿದ್ದಳು: "ಅವರು ಕೇಳಿದ್ದಾರೆ. ಮದುವೆ ಆಗೋಣ ಅಂತ. ನಾನಿನ್ನೂ ಏನೂ ಹೇಳಿಲ್ಲ. ಮುಂದಿನ ವಾರ ಅವರ ಮಗಳ ಮನೆಗೆ ಊಟಕ್ಕೆ ಕರೆದಿದ್ದಾರೆ. ಅಲ್ಲಿ ಹೇಳಬೇಕು." ಮಗ "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಎಂದು ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡಿದ್ದ.

ಆ ಮುಂದಿನ ವಾರವೇ ಇವತ್ತು. ಬೀಗದವರು ಬಸ್‌ಸ್ಟಾಪಿನಲ್ಲಿ ಕಾಯುತ್ತೇನೆ ಎಂದಿದ್ದರು.

ಸೊಸೆ ಅತ್ತೆಯ ಹೆಗಲಿಗೆ ಹಳೆಯ ಟವೆಲ್ಲು ಹೊದಿಸಿ, ತೊಳೆದ ಕೂದಲನ್ನು ಇನ್ನಷ್ಟು ಒರೆಸಿದಳು. ಎಷ್ಟೋ ವರ್ಷ ತುರುಬು ಕಟ್ಟಿದ್ದ ಕೂದಲನ್ನು ತಾಯಿ ಹೋದ ತಿಂಗಳು ಭುಜದವರೆಗೆ ಕತ್ತರಿಸಿಕೊಂಡಿದ್ದಳು. ತುರುಬಿನ ಭಾರವಿಲ್ಲದ ಕೂದಲು ನಿಲ್ಲುವುದನ್ನು ಮರೆತು, ಒದ್ದೆ ಬಟ್ಟೆಯ ಹಾಗೆ ತಲೆಗೆ ಅಂಟಿಕೊಂಡಿರುತ್ತಿತ್ತು. ಸೊಸೆ ಬಾಚಣಿಗೆಯ ಬಾಲದಿಂದ ಗೆರೆ ಎಳೆದು ಹಣೆಯ ಮೇಲಿನ ಹಿಡಿಯೊಂದನ್ನು ಎತ್ತಿ, ತುದಿಯಿಂದ ಬುಡಕ್ಕೆ ಸುತ್ತಿ, ಕ್ಲಿಪ್ಪು ಹಾಕಿದಳು. ನೆತ್ತಿಯ ಮೇಲೆ ಗುಲಾಬಿ ಸಾಲು ಹಿಂದಕ್ಕೆ ಬೆಳೆಯಿತು. ತಾಯಿ ಕೈಗನ್ನಡಿಯಲ್ಲಿ ನೋಡಿಕೊಂಡು, "ಬೇಕರಿಯ ಟ್ರೇ ಥರ ಕಾಣ್ತೀನಿ," ಎಂದಳು.

ಆಗ ಸೊಸೆಯ ಫೋನು ಬಡಿದುಕೊಂಡಿತು. ವಾರ್ಡಿನಲ್ಲಿ ಒಬ್ಬ ನರ್ಸಿಗೆ ಜ್ವರ, ಬದಲಿಗೆ ಯಾರೂ ಇಲ್ಲ. ಸೊಸೆ ಮಾತಾಡುತ್ತಲೇ ಒಳಗೆ ಹೋಗಿ, ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದಳು.

"ಹಿಂದಲೆ ಬಾಕಿ ಇದೆ ಅತ್ತೆ. ನಿಮ್ಮ ಕೈ ಅಲ್ಲಿಗೆ ಹೋಗಲ್ಲ."

ಹೋಗುತ್ತಿರಲಿಲ್ಲ. ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಜೀವಮಾನವಿಡೀ ಹೊಲಿಗೆ ಮೆಷೀನಿನ ಮೇಲೆ ಬಗ್ಗಿದ ತಾಯಿಯ ಹೆಗಲು ಹಿಡಿದುಕೊಂಡಿತ್ತು. ಕೈ ಕಿವಿಯಿಂದ ಹಿಂದಕ್ಕೆ ಹೊರಳುತ್ತಿರಲಿಲ್ಲ. "ಇಷ್ಟೇ ಸಾಕು ಬಿಡು," ಎಂದಳು. "ಮುಂದೆ ಅಲೆ, ಹಿಂದೆ ನೇರ. ಗೋಡೆಗೆ ಒರಗಿ ಕೂತ್ಕೊಂಡ್ರಾಯ್ತು."

ಸೊಸೆ ಬಾಚಣಿಗೆಯನ್ನು ಕಿಟಕಿಯ ಕಡೆ ಚಾಚಿದಳು. "ರೀ, ನೀವು ಹಾಕಿ."

"ನನಗೇನು ಗೊತ್ತು ಇದೆಲ್ಲ," ಎಂದ ಮಗ.

"ಲಿಫ್ಟಿನ ಹಗ್ಗ ಸುತ್ತೋಕೆ ಬರುತ್ತಲ್ಲ, ಹಾಗೇ. ರೋಲರಿಗಿಂತ ಅಗಲ ಕೂದಲು ತಗೋಬೇಡಿ. ತುದಿ ಮಡಚ್ಕೊಂಡ್ರೆ ಕೊಕ್ಕೆ ಥರ ನಿಲ್ಲುತ್ತೆ, ನೋಡ್ಕೊಳ್ಳಿ. ಕೂದಲು ಪೂರ್ತಿ ಒಣಗಿದ ಮೇಲೆ ಬಿಚ್ಚಿ. ಬಿಚ್ಚಿದ ತಕ್ಷಣ ಬಾಚಬೇಡಿ, ಬೆರಳಲ್ಲಿ ಬಿಡಿಸಿ." ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಹೇಳುವ ಧ್ವನಿಯಲ್ಲೇ ಹೇಳಿ, ಗಂಡನ ಕೈಗೆ ಬಾಚಣಿಗೆ ಇಟ್ಟು ಮೆಟ್ಟಿಲಿಳಿದುಬಿಟ್ಟಳು.

ಮಗ ಸ್ವಲ್ಪ ಹೊತ್ತು ಬಾಚಣಿಗೆಯನ್ನು ನೋಡುತ್ತ ನಿಂತಿದ್ದ. ಆಮೇಲೆ ಅಡುಗೆಮನೆಗೆ ಹೋಗಿ, ಸೋಪು ಹಾಕಿ ಕೈ ತಿಕ್ಕಿ ತೊಳೆದು ಬಂದು ತಾಯಿಯ ಕುರ್ಚಿಯ ಹಿಂದೆ ನಿಂತ. ಅವನ ಬೆರಳುಗಳು ಗ್ರೀಸು ಕುಡಿದು ಒರಟಾಗಿದ್ದವು. ಮೊದಲ ಹಿಡಿ ಎತ್ತುತ್ತಿದ್ದಂತೆ ಎಳೆಗಳು ಅವನ ಹೆಬ್ಬೆರಳಿನ ಸೀಳಿಗೆ ಸಿಕ್ಕಿಕೊಂಡವು.

"ಅಯ್ಯೋ ನಿಧಾನ ಕಣೋ."

"ನೋವಾಯ್ತಾ?"

ಅದು ಒಂದು ವಾರದಲ್ಲಿ ಅವನು ತಾಯಿಯನ್ನು ಕೇಳಿದ ಮೊದಲ ಪ್ರಶ್ನೆ. ಇಬ್ಬರಿಗೂ ಅದು ಗೊತ್ತಾಯಿತು. ತಾಯಿ, "ಇಲ್ಲ, ಮಾಡು," ಎಂದಳು.

ಮೊದಲನೆಯದು ಸಡಿಲವಾಗಿ ಜೋತುಬಿತ್ತು. ಬಿಚ್ಚಿ ಮತ್ತೆ ಸುತ್ತಿದ. ಎರಡನೆಯದನ್ನು ಎಷ್ಟು ಬಿಗಿದನೆಂದರೆ ತಾಯಿಯ ಹುಬ್ಬು ಮೇಲೇರಿತು. ಮೂರನೆಯದರ ಹೊತ್ತಿಗೆ ಅವನ ಕೈಗೆ ಅಳತೆ ಸಿಕ್ಕಿತು. ಕೂದಲು ಎಷ್ಟು ಎಳೆದರೆ ಸಾಕು, ಎಲ್ಲಿ ಬಿಡಬೇಕು ಎಂಬುದು ಕೇಬಲ್ಲಿನ ಹಾಗೆಯೇ ಬೆರಳಿಗೇ ತಿಳಿಯುತ್ತಿತ್ತು. ತಾಯಿಯ ಮುಖ ಕಾಣದ್ದರಿಂದಲೋ, ಕೈಗೆ ಕೆಲಸ ಸಿಕ್ಕಿದ್ದರಿಂದಲೋ, ಬಾಯಿಯೂ ಬಿಚ್ಚಿತು.

"ನಾವೇನಾದ್ರೂ ಕಡಿಮೆ ಮಾಡಿದ್ವಾ ಅಮ್ಮಾ?"

ತಾಯಿ ಮಡಿಲಲ್ಲಿದ್ದ ರೋಲರೊಂದನ್ನು ಹಿಚುಕುತ್ತ, ಬಿಡುತ್ತ ಇದ್ದಳು.

"ಕಡಿಮೆ ಏನೂ ಮಾಡಿಲ್ಲ. ಜಾಸ್ತೀನೇ ಮಾಡ್ತೀರಿ. ನಾನು ಏಳೋಕೆ ಮುಂಚೆ ತಟ್ಟೆ ಎತ್ತಿಡ್ತೀರಿ. ಚೀಲ ಕಿತ್ಕೋತೀರಿ. ಟಿ.ವಿ. ಧ್ವನಿ ಸಣ್ಣ ಮಾಡ್ತೀರಿ. ನಾನು ಏನೇ ತಪ್ಪು ಹೇಳಿದ್ರೂ ಹೂಂ ಅಂತೀರಿ."

"ಅದು ತಪ್ಪಾ?"

"ತಪ್ಪು ಅಂದ್ನಾ? ಆ ಮನುಷ್ಯ ಮೊನ್ನೆ ನನ್ನ ಕೈಗೆ ಒಂದು ಬುಟ್ಟಿ ಈರುಳ್ಳಿ ಕೊಟ್ಟು, ಹೆಚ್ಚಿ ಅಂದ್ರು. ಹೆಚ್ಚಿದ ಮೇಲೆ, ಇಷ್ಟು ದಪ್ಪ ಹೆಚ್ಚಿದ್ರೆ ಯಾರು ತಿಂತಾರೆ ಅಂದ್ರು. ನಾನು, ನೀವೇ ತಿನ್ನಿ ಅಂದೆ. ಸಂಜೆವರೆಗೂ ಜಗಳ." ಅವಳು ನಗುತ್ತಿದ್ದಾಳೆಂದು ಅಲುಗುವ ತಲೆಯಿಂದ ಅವನಿಗೆ ತಿಳಿಯಿತು. "ನಿಮ್ಮಪ್ಪ ಹೋದ ಮೇಲೆ ನನ್ನ ಜೊತೆ ಯಾರೂ ಸರಿಯಾಗಿ ಜಗಳಾನೇ ಆಡಿಲ್ಲ ಕಣೋ. ನಾನೇನು ಗಾಜಿನ ಲೋಟಾನಾ?"

ಮಗ ಒಂದು ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಸುತ್ತುತ್ತಲೇ ಇದ್ದ. ಬಾಯಿ ಖಾಲಿಯಾದ ಮೇಲೆ ಹೇಳಿದ: "ನೀನು ಹೋದ್ರೆ ಆ ರೂಮಲ್ಲಿ ಏನಿರುತ್ತೆ?"

"ಇಸ್ತ್ರಿ ಮೇಜು ಇಟ್ಕೊಳ್ಳಿ. ಎಷ್ಟು ದಿನದಿಂದ ಹಜಾರದಲ್ಲಿ ಕಾಲಿಗೆ ತಾಗ್ತಿದೆ." ಆಮೇಲೆ ಮೆತ್ತಗೆ ಸೇರಿಸಿದಳು: "ಹೋದ್ರೆ ಬೀದಿ ತಿರುವಿಗೆ ತಾನೇ ಹೋಗೋದು. ಇಲ್ಲಿಂದ ಕೂಗಿದ್ರೆ ಕೇಳಿಸುತ್ತೆ."

ನೆತ್ತಿಯಿಂದ ಕೆಳಗಿನ ಕೂದಲನ್ನು ಬೇರೆ ಮಾಡುತ್ತಿದ್ದ ಮಗನ ಕೈ ನಿಂತಿತು. ಅಲ್ಲಿ, ಬಿಳಿಯ ಚರ್ಮದ ಮೇಲೆ ಕೂದಲು ನೀರಿನ ಸುಳಿಯಂತೆ ತಿರುಗಿತ್ತು. ಅದರ ಪಕ್ಕದಲ್ಲೇ ಇನ್ನೊಂದು, ಎದುರು ದಿಕ್ಕಿಗೆ ತಿರುಗಿದ್ದು. ತುರುಬಿನ ಅಡಿಯಲ್ಲಿ ಇಷ್ಟು ವರ್ಷ ಅವನು ಕಂಡಿರಲೇ ಇಲ್ಲ.

"ಅಮ್ಮಾ, ನಿನಗೆ ಎರಡು ಸುಳಿ ಇದೆ."

"ಗೊತ್ತು."

"ನನಗ್ಯಾಕೆ ಹೇಳಿಲ್ಲ?"

"ತಲೆ ಹಿಂದಿರೋದನ್ನ ಯಾರು ಯಾರಿಗೆ ಹೇಳ್ತಾರೆ? ನಮ್ಮಜ್ಜಿ ತಲೆ ಬಾಚುವಾಗೆಲ್ಲ ನಗೋಳು. ಈ ಹುಡುಗಿಗೆ ಎರಡು ಗಂಡ ಗ್ಯಾರಂಟಿ ಅಂತ. ನಾನು ಅಳ್ತಾ ಓಡಿಹೋಗ್ತಿದ್ದೆ. ಒಂದೇ ಸಾಕು ಅಂತ."

ಮಗನಿಗೆ ನಗು ಬಂತು. ತಡೆಯಲು ನೋಡಿದ, ಮೂಗಿನಿಂದ ಹೊರಟಿತು. ತಾಯಿಯೂ ನಕ್ಕಳು. ರೋಲರುಗಳು ತಲೆಯ ಮೇಲೆಲ್ಲ ಅಲುಗಾಡಿದವು. ಅವನು ನಗುತ್ತಲೇ, "ನನಗೂ ಎರಡಿದೆಯಲ್ಲ. ಬಾರ್ಬರ್ ಯಾವಾಗಲೂ ಬೈತಾನೆ, ಅಲ್ಲಿ ಕೂದಲು ಕೂರಲ್ಲ ಅಂತ," ಎಂದ.

"ನಿನ್ನ ಹೆಂಡತಿ ಕಿವಿಗೆ ಹಾಕ್ಬೇಡ. ಸೂಜಿ ಚುಚ್ಚೋ ಕೆಲಸದವಳು."

ಕೂದಲು ಒಣಗುವವರೆಗೆ ತಾಯಿ ಬಿಸಿಲು ಬೀಳುವ ಕಿಟಕಿಗೆ ಬೆನ್ನು ಮಾಡಿ ಕೂತಳು. ಮಗ ಫ್ಯಾನು ಜೋಡಿಸಿ, ಅದನ್ನೇ ಹಚ್ಚಿ ಅವಳ ತಲೆಯ ಕಡೆ ತಿರುಗಿಸಿದ. ಆ ಸೀರೆ ಒಪ್ಪುತ್ತಾ, ಈ ಸೀರೆ ಒಪ್ಪುತ್ತಾ ಎಂದು ಅವಳು ಕೇಳಿದಾಗ, ಎರಡಕ್ಕೂ ಹೂಂ ಎನ್ನಹೊರಟವನು ತಡೆದು, "ನೀಲಿಯದು ಬೇಡ. ಅದರಲ್ಲಿ ಬ್ಯಾಂಕಿಗೆ ಹೋಗೋ ಹಾಗೆ ಕಾಣ್ತೀಯ," ಎಂದ. "ನೀಲಿಗೇನಾಗಿದೆ?" ಎಂದು ತಾಯಿ ರೇಗಿದಳು. ಹಾಗೆ ರೇಗುತ್ತಲೇ ಒಳಗೆ ಹೋಗಿ ಹಸಿರಿನದನ್ನು ಉಟ್ಟುಕೊಂಡು ಬಂದಳು. ಆಗಲೇ ತಡವಾಗಿತ್ತು. ಇಬ್ಬರೂ ಆತುರಾತುರವಾಗಿ ರೋಲರು ಬಿಚ್ಚಿದರು, ಮುಂದಿನದನ್ನು ಅವಳು, ಹಿಂದಿನದನ್ನು ಅವನು. ಅವನು ಬೆರಳಿನಿಂದ ಮೆಲ್ಲಗೆ ಬಿಡಿಸಿದ. ಬೆಳ್ಳಿ ಕೂದಲು ಕಿವಿಯ ಮೇಲೆ ಒಮ್ಮೆ ಏರಿ ಇಳಿದು, ಕುತ್ತಿಗೆಯ ಬಳಿ ಒಳಕ್ಕೆ ತಿರುಗಿ ನಿಂತಿತು. ತಾಯಿ ಕನ್ನಡಿಯಲ್ಲಿ ಆ ಕಡೆ ಈ ಕಡೆ ನೋಡಿಕೊಂಡಳು. ಚೀಲ ತೆಗೆದುಕೊಂಡು ಬೇಗ ಬೇಗ ಮೆಟ್ಟಿಲಿಳಿದಳು.

ಮಗ ಕಿಟಕಿಯಿಂದ ನೋಡಿದ. ಹಸಿರು ಸೀರೆ ಗೇಟು ದಾಟಿತು. ಅವಳ ಕುತ್ತಿಗೆಯ ಸ್ವಲ್ಪ ಮೇಲೆ, ಅಲೆಗಳ ಅಡಿಯಿಂದ ಇಣುಕುತ್ತ, ಗುಲಾಬಿ ಬಣ್ಣದ್ದೊಂದು ಕೂತಿತ್ತು.

ಅವನು ಮನೆಯ ಚಪ್ಪಲಿಯಲ್ಲೇ ಓಡಿದ. ಬಸ್‌ಸ್ಟಾಪು ತಲುಪುವಾಗ ಏದುಸಿರು. ತಾಯಿ ಬೆಂಚಿನ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಬೀಗದವರು. ಅವನನ್ನು ಕಂಡದ್ದೇ ಬೀಗದವರ ಮುಖದ ನಗು ಮಾಯವಾಯಿತು. ಜಗಳಕ್ಕೇ ಬಂದ ಎಂದುಕೊಂಡಿರಬೇಕು. ಬೆನ್ನು ನೆಟ್ಟಗೆ ಮಾಡಿ ನಿಂತರು.

"ಏನಾಯ್ತೋ?" ಎಂದಳು ತಾಯಿ.

"ತಿರುಗು." ಅವಳು ತಿರುಗಿದಳು. ಅವನು ಕ್ಲಿಪ್ಪು ಬಿಚ್ಚಿ, ರೋಲರನ್ನು ಉರುಳಿಸಿ ತೆಗೆದ. ಉಳಿದವುಗಳಿಗಿಂತ ಹೆಚ್ಚು ಹೊತ್ತು ಇದ್ದ ಆ ಒಂದು ಹಿಡಿ ಸ್ಪ್ರಿಂಗಿನ ಹಾಗೆ ಜಿಗಿದು ನಿಂತಿತು. ತಾಯಿ ಅವನ ಕೈಯಲ್ಲಿದ್ದುದನ್ನು ನೋಡಿ, ಬೀಗದವರ ಕಡೆ ತಿರುಗಿದಳು.

"ನೀವು ನೋಡಿದ್ರಾ ಇದನ್ನ?"

"ನೋಡಿದೆ," ಎಂದರು ಬೀಗದವರು ಸಂಕೋಚದಿಂದ. "ಹೊಸ ಫ್ಯಾಷನ್ ಇರಬಹುದು ಅಂತ..."

"ಹೇಳೋಕೆ ಬಾಯಿರಲಿಲ್ವಾ? ಹಿಂಗೇ ಬಸ್ಸು ಹತ್ತಿಸಿ, ಮಗಳ ಮನೆಗೆ ಕರ್ಕೊಂಡು ಹೋಗ್ತಿದ್ರಾ?"

"ಚೆನ್ನಾಗೇ ಕಾಣ್ತಿತ್ತು ಅಂದ್ರೆ ನಂಬಲ್ವಲ್ಲ ನೀವು."

"ಇವರಿಗೆ ಬೀಗದ ತೂತು ಕಾಣುತ್ತೆ, ಇಷ್ಟು ದೊಡ್ಡದು ಕಾಣಲ್ಲ," ಎಂದು ತಾಯಿ ಮಗನಿಗೆ ದೂರು ಹೇಳಿದಳು. ಅವಳ ಕೆನ್ನೆ ಕೆಂಪಗಾಗಿತ್ತು. ಅವಳು ಇಷ್ಟು ಜೋರಾಗಿ ಬೈಯುವುದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ಮಗ ಯೋಚಿಸಿದ.

ಬಸ್ಸು ಬಂತು. ಬೀಗದವರು ಕೈ ಚಾಚಿದರು. ಮಗ ರೋಲರನ್ನು ಎಡಗೈಗೆ ಬದಲಾಯಿಸಿಕೊಂಡು ಆ ಕೈ ಹಿಡಿದ. ತನ್ನ ಕೈಯಷ್ಟೇ ಒರಟಾಗಿತ್ತು ಅದು. "ಈರುಳ್ಳಿ ಹೇಗೆ ಹೆಚ್ಚಿದ್ರೂ ಸುಮ್ಮನೆ ತಿನ್ಬೇಡಿ," ಎಂದ. ಬೀಗದವರಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಭುಜ ಕುಣಿಸಿ ನಗುತ್ತ ಬಸ್ಸು ಹತ್ತಿದರು. ತಾಯಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಏನದು, ಏನಂದ ಅವನು?" ಎಂದು ಕೇಳುತ್ತಿರುವಾಗಲೇ ಬಸ್ಸು ಹೊರಟಿತು.

ಮನೆಗೆ ಬಂದ ಮಗ ಮೇಜಿನ ಮೇಲೆ ಚೆಲ್ಲಿದ್ದ ರೋಲರುಗಳನ್ನೆಲ್ಲ ಒಟ್ಟುಮಾಡಿದ. ಒಂದೊಂದಕ್ಕೂ ಸುತ್ತಿಕೊಂಡಿದ್ದ ಬಿಳಿ ಎಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಿಡಿಸಿದ. ಆತುರವೇನೂ ಇರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಸೋಪು ಕದಡಿ, ಹಿಚುಕಿ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಅವು ಬಿಸಿಲಿನಲ್ಲಿ ನೀರು ಬಸಿಯುತ್ತ, ಒಂದೊಂದಾಗಿ ಮೆಲ್ಲಗೆ ಉಬ್ಬಿ ದುಂಡಗಾದವು.