ನಾಲ್ಕನೆಯ ಲೋಟ

ಅಚ್ಯುತರಾಯರು ವಡೋದರದಲ್ಲಿ ಮೂವತ್ತೊಂದು ವರ್ಷ ಕಳೆದದ್ದು ಒಂದು ಬಿಳಿ ಪುಡಿಯ ಬೆನ್ನು ಹತ್ತಿ. ಜಿಯೋಲೈಟ್ ಅದರ ಹೆಸರು. ಕಣ್ಣಿಗೆ ಕಾಣದ ತೂತುಗಳೇ ತುಂಬಿರುವ ಹರಳು. ಎಣ್ಣೆ ಕಾರ್ಖಾನೆಗಳಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವುದು ಅದರ ಕೆಲಸ. ಅಷ್ಟು ವರ್ಷಗಳಲ್ಲಿ ಲೋಕ ತಲೆಯೆತ್ತಿ ನೋಡುವಂಥ ಪುಡಿ ಬಂದದ್ದು ಒಂದೇ ಸಲ. ಅದೂ ಅವರ ಕೈಯಲ್ಲಲ್ಲ, ಅವರ ವಿದ್ಯಾರ್ಥಿನಿ ಅನುರಾಧಾಳ ಕೈಯಲ್ಲಿ.

ಅನುರಾಧಾ ಹುಬ್ಬಳ್ಳಿ ಕಡೆಯ ಹುಡುಗಿ. ಅಪ್ಪ ವಾಸುದೇವ ರೈಲ್ವೆಯವರು, ಮನೆ ಅಹಮದಾಬಾದಿನ ಮಣಿನಗರದಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ಮರಳುವ ಅಪ್‌ಡೌನ್ ಜೀವ. ಆಕೆಯ ಪುಡಿಯ ಒಳರಚನೆ ತೋರಿಸುವ ಎನ್‌ಎಂಆರ್ ಯಂತ್ರದ ರೇಖೆ ಕೈಗೆ ಬಂದ ದಿನ ನೋಡಬೇಕಿತ್ತು! ಒಂದೇ ಒಂದು ಮೊನಚಾದ ಶಿಖರ, ಅಕ್ಕಪಕ್ಕ ಚೂರೂ ಕಸವಿಲ್ಲ. ರಾಯರು ಆಲ್ಕಾಪುರಿಯ ಉಡುಪಿ ಹೋಟೆಲಿನಿಂದ ಇಡೀ ಲ್ಯಾಬಿಗೆ ಮೈಸೂರುಪಾಕು ತರಿಸಿದರು.

"ಇನ್ನೊಂದ್ಸಲ ಮಾಡಿ ತೋರಿಸು. ಯಾರೂ ಬಾಯಿ ತೆಗೀಬಾರದು" ಎಂದು, ಪುಡಿ ಬೇಯಿಸುವ ಟೆಫ್ಲಾನ್ ಲೋಟಗಳನ್ನೆಲ್ಲ ತಾವೇ ನಿಂತು ಉಗ್ರವಾದ ಆಸಿಡ್‌ನಲ್ಲಿ ತೊಳೆದರು. ಅಷ್ಟೇ. ಆಮೇಲೆ ಒಂಬತ್ತು ಸಲ ಮಾಡಿದರೂ ಕೆಲಸಕ್ಕೆ ಬಾರದ ಪುಡಿಯೇ ಬಂತು.

ತಾಳ್ಮೆ ಅನ್ನುವುದು ರಾಯರ ಜಾತಕದಲ್ಲೇ ಇರಲಿಲ್ಲ. ಎಲ್ಲರೆದುರು ಕೇಳಿಬಿಟ್ಟರು: "ಯಾವ ಕಂಪನಿ ಡಬ್ಬದಿಂದ ಕದ್ದು ತಂದೆಯಮ್ಮ ಆ ಪುಡಿ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗಿ ಅಳಲಿಲ್ಲ, ವಾದಿಸಲಿಲ್ಲ. "ನಾ ಎಲ್ಲಾ ಬರದೀನ್ರಿ ಸರ್, ಓದ್ರಿ" ಎಂದು ನೋಟ್‌ಬುಕ್ಕು ಮೇಜಿನ ಮೇಲಿಟ್ಟು ಹೋದಳು. ಪಿಎಚ್‌ಡಿ ಅಲ್ಲಿಗೇ ನಿಂತಿತು. ರಾಯರು ಆ ನೋಟ್‌ಬುಕ್ಕನ್ನು ಕಪಾಟಿಗೆ ತುರುಕಿದರು. ಕಳ್ಳಿ ಬರೆದದ್ದನ್ನು ಓದಲು ಅವರಿಗೆಲ್ಲಿ ಪುರುಸೊತ್ತು!

ಹನ್ನೆರಡು ವರ್ಷದ ಮೇಲೆ, ನಿವೃತ್ತಿಗೆ ತಿಂಗಳಿದ್ದಾಗ, ಕಪಾಟು ಖಾಲಿ ಮಾಡುತ್ತಿರಲು ಅದು ಕೈಗೆ ಬಂತು. ಆ ಒಳ್ಳೆಯ ಪುಡಿಯ ಪುಟದ ಅಂಚಿನಲ್ಲಿ ಪೆನ್ಸಿಲಿನ ಸಾಲು: 'ನಿನ್ನೆ ಟ್ರೇನಿಗೆ ತಡವಾಗಿತ್ತು. ನಾಲ್ಕನೆಯ ಲೋಟವನ್ನು ಆಸಿಡ್ ಹಾಕದೆ ನೀರಿನಲ್ಲಷ್ಟೇ ತೊಳೆದೆ. ತಪ್ಪಾಯಿತು.'

ರಾಯರಿಗೆ ಆಗ ಹೊಳೆಯಿತು. ಒಳ್ಳೆಯ ಪುಡಿ ಬೆಂದದ್ದು ಆ ಲೋಟದಲ್ಲೇ; ಹಿಂದಿನ ಸಲದ ಹರಳಿನ ಚೂರು ಅದಕ್ಕೆ ಅಂಟಿಕೊಂಡಿತ್ತು. ಮೊಸರಿನ ಗಡಿಗೆಯನ್ನು ತೊಳೆಯದೆ ಹಾಲು ಸುರಿದರೆ ತಾನಾಗಿ ಹೆಪ್ಪುಗಟ್ಟುವುದಿಲ್ಲವೇ, ಹಾಗೆ. ಆ ಹೆಪ್ಪನ್ನು ಆಸಿಡ್ ಸುರಿದು ತೊಳೆದವರು ಯಾರು? ಅಯ್ಯೋ, ಇವರೇ!

ಆಕೆ ಬರೆದಂತೆಯೇ, ಒಂದು ಸಲ ಪುಡಿ ಬೇಯಿಸಿದ ಲೋಟವನ್ನು ನೀರಿನಲ್ಲಷ್ಟೇ ತೊಳೆದು, ತಮ್ಮ ಕೈಯಾರೆ ಮತ್ತೆ ಬೇಯಿಸಿದರು. ಅದೇ ಶಿಖರ, ಅದೇ ಜಾಗದಲ್ಲಿ. ಆ ರೇಖೆಯ ಕಾಗದ ಹಿಡಿದು ಸೂರತ್ತಿನ ರೈಲು ಹತ್ತಿದರು. ಅನುರಾಧಾ ಅಲ್ಲಿ ಸೀರೆಗೆ ಬಣ್ಣ ಹಾಕುವ ಮಿಲ್ಲೊಂದರಲ್ಲಿ ಹೊಲಸು ನೀರು ಪರೀಕ್ಷೆ ಮಾಡುತ್ತಾಳೆಂದು ಗೊತ್ತಿತ್ತು.

"ಬರ್ರಿ ಸರ್, ಕೂಡ್ರಿ" ಎಂದಳು, ನಿನ್ನೆ ತಾನೆ ನೋಡಿದವಳಂತೆ. ತಲೆಯಲ್ಲಿ ಅಲ್ಲಲ್ಲಿ ನರೆ.

ರಾಯರು ಕಾಗದ ಬಿಡಿಸಿಟ್ಟರು. "ನೀನು ಕದ್ದಿರಲಿಲ್ಲ ಕಣಮ್ಮ. ತೊಳೆದು ಹಾಳು ಮಾಡಿದವನು ನಾನು. ನಿನ್ನ ಹೆಸರೇ ಮೊದಲು ಹಾಕಿ ಪ್ರಕಟಿಸ್ತೀನಿ. ನನ್ನನ್ನ ಕ್ಷಮಿಸ್ತೀಯಾ?"

ಆಕೆ ಶಿಖರದ ಮೇಲೆ ಬೆರಳಿಟ್ಟು ನೋಡಿದಳು.

"ನಾ ಕದ್ದಿಲ್ಲ ಅಂತ ನನಗ ಗೊತ್ತಿತ್ತಲ್ರಿ ಸರ್. ಇದನ್ನ ಅಪ್ಪಗ ತೋರಿಸಬೇಕಾಗಿತ್ತು. ಹ್ವಾದ ವರ್ಷ ತೀರ್ಕೊಂಡ್ರು. ದವಾಖಾನ್ಯಾಗ ಕೈ ಹಿಡಕೊಂಡು ಕೇಳಿದ್ರು, ಖರೇ ಹೇಳವ್ವಾ, ಆ ಪುಡಿ ಎಲ್ಲಿಂದ ತಂದಿದ್ದಿ, ಗುರುಗಳು ಸುಳ್ಳು ಹೇಳ್ತಾರೇನು ಅಂತ."

"ನೀನೇನಂದೆ?"

"ಕದ್ದಿದ್ದೆ, ತಪ್ಪಾತು ಅಂದ್ನಿ. ಒಪ್ಕೊಂಡ್ಯಲ್ಲಾ, ಸಾಕು ಬಿಡು ಅಂತ ತಲಿ ಸವರಿದ್ರು. ಸಮಾಧಾನಲೆ ಹೋದ್ರು ಸರ್."

ಮಿಲ್ಲಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ರಾಯರು ಮೇಜಿಗೆ ತಲೆಯಿಟ್ಟು ಅಳುತ್ತಿದ್ದರು.