ಹೊರಕ್ಕೆ ತೆರೆಯುವ ಕದ

ಕಣ್ಣು ಮುಚ್ಚಿಕೊಂಡೇ ಅವಳು ನಲವತ್ತೊಂದನೆಯ ಹೆಜ್ಜೆಯನ್ನಿಟ್ಟಳು. ಗೋಡೆಯನ್ನು ಸವರುತ್ತ ಬಂದ ಅಂಗೈಗೆ ಹಿಂಬಾಗಿಲಿನ ನುಣುಪು ತಾಗಿತು. ತಳ್ಳಿದಳು. ಕದ ಮಿಸುಕಲಿಲ್ಲ. ಭುಜ ಕೊಟ್ಟು ತಳ್ಳಿದಳು. ಕಣ್ಣು ತೆರೆದು ಹಿಡಿಕೆಯನ್ನು ತನ್ನತ್ತ ಎಳೆದಾಗ ಅದು ಸಲೀಸಾಗಿ ಒಳಕ್ಕೆ ತೆರೆದುಕೊಂಡಿತು.

ಹೊಸ ಮಳಿಗೆಯ ತಪಾಸಣೆಗೆ ಮುನ್ನ ಹೀಗೊಮ್ಮೆ ಕುರುಡಾಗಿ ನಡೆಯುವುದು, ಹೊಗೆ ತುಂಬಿದಾಗ ಹೊರಬೀಳಲು ಬರುವುದೋ ಇಲ್ಲವೋ ಎಂದು ನೋಡುವುದು, ಅವಳು ಹಿಡಿದ ವ್ರತ. ಸಿದ್ಧ ಉಡುಪಿನ ಕಂಪನಿಯೊಂದಕ್ಕಾಗಿ ಆರು ದೇಶಗಳಲ್ಲಿ ಹತ್ತೊಂಬತ್ತು ಮಳಿಗೆಗಳ ಪರವಾನಗಿ ತಂದವಳು. ಕೆಲಸಗಾರರ ಬಾಯಲ್ಲಿ ‘ಕಾಯಿದೆಯಮ್ಮ’. ಒಂದು ದೇಶದಲ್ಲಿ ಫಲಕದ ಮೇಲೆ ಅಲ್ಲಿಯ ಲಿಪಿಯೇ ದೊಡ್ಡದಾಗಿರಬೇಕು. ಇನ್ನೊಂದರಲ್ಲಿ ನಿಂತು ಮಾರುವವರಿಗೆ ಕೂರಲು ಪೀಠವಿಲ್ಲದಿದ್ದರೆ ಅಂಗಡಿಗೆ ಬೀಗ. ಮತ್ತೊಂದರಲ್ಲಿ ಗಾಜಿನೊಳಗಣ ಅಂಗಿಯ ಬೆಲೆ ಬೀದಿಯಿಂದಲೇ ಓದಲು ಬರಬೇಕು. ಸೂತ್ರ ಒಂದು, ಭಾಷ್ಯ ಹಲವು. ಎಲ್ಲವೂ ಅವಳಿಗೆ ಕಂಠಸ್ಥ. ಆ ಕಂಠಪಾಠವೇ ಈಗ ಕೈಕೊಟ್ಟಿತ್ತು. ಹಿಂದಿನ ದೇಶದಲ್ಲಿ ಯಾವ ಕದವೂ ಕಾಲುದಾರಿಯ ಮೇಲೆ ಒಂದು ಗೇಣು ಕೂಡ ಚಾಚುವಂತಿರಲಿಲ್ಲ. ಇಲ್ಲಿ ಹಿಂಬಾಗಿಲು ಹೊರಕ್ಕೇ ತೆರೆಯತಕ್ಕದ್ದು.

“ಅವತ್ತೇ ಕೇಳಿದ್ನಲ್ಲಮ್ಮ,” ಎಂದ ಮುದಿ ಬಡಗಿ, ಕಿವಿಯ ಮೇಲಿನ ಪೆನ್ಸಿಲನ್ನು ತೆಗೆಯುತ್ತ. “ಒಳಕ್ಕೋ ಹೊರಕ್ಕೋ ಅಂತ. ನೀವು ನಕ್ಷೆ ಮೇಲೆ ಬೆರಳಿಟ್ಟು ‘ಒಳಕ್ಕೇ’ ಅಂದ್ರಿ. ಎರಡನೇ ಸಲ ಕೇಳೋಕೆ ನನಗೇನು ಎರಡು ತಲೆನಾ?”

“ಅಂದೆ. ತಪ್ಪು ನಂದೇ. ತಿರುಗಿಸೋಕೆ ಎಷ್ಟು ಹೊತ್ತು ಬೇಕು?”

“ಕದ ಅಂದ್ರೆ ಅಂಗೀನಾ, ಮಗುಚಿ ಹಾಕೋಕೆ? ಚೌಕಟ್ಟೇ ಕೀಳ್ಬೇಕು. ನಾಳೆ ಸಂಜೆ ಆಗುತ್ತೆ.”

ತನಿಖಾಧಿಕಾರಿ ಬರಲು ಇನ್ನು ಒಂದೇ ಗಂಟೆ ಇತ್ತು. ಸಂಗತಿ ಕೇಳಿದ ಮಳಿಗೆಯ ವ್ಯವಸ್ಥಾಪಕ ಅಂಗಳದಿಂದ ಒಂದು ಇಟ್ಟಿಗೆ ತಂದು ತೆರೆದ ಕದಕ್ಕೆ ಆನಿಸಿದ.

“ಗಾಳಿ ಆಡ್ಲಿ ಅಂತ ತೆಗೆದಿದೀವಿ ಅನ್ನಿ. ಅವರಿಗೆ ಇವತ್ತು ಇನ್ನೂ ನಾಲ್ಕು ಅಂಗಡಿ ಇದೆ, ಇಟ್ಟಿಗೆ ಎತ್ತಿ ನೋಡೋರಲ್ಲ. ಮುಂದಿನ ವಾರ ತಿರುಗಿಸಿದ್ರಾಯ್ತು.”

“ಮುಂದಿನ ವಾರ ಯಾರಿಗೂ ನೆನಪಿರಲ್ಲ. ಹೊಗೇಲಿ ಹತ್ತು ಜನ ಬೆನ್ನಿಗೆ ಬಿದ್ದಾಗ ಇದನ್ನ ಎಳೆಯೋಕೆ ಜಾಗ ಎಲ್ಲಿರುತ್ತೆ?”

“ನೋಡಿ, ಇವತ್ತು ಸಹಿ ಆದ್ರೆ ನಾಳೆ ನೀವು ವಿಮಾನದಲ್ಲಿರ್ತೀರಿ. ಆಗ್ಲಿಲ್ಲ ಅಂದ್ರೆ ಮುಂದಿನ ತಪಾಸಣೆವರೆಗೂ ಇಲ್ಲೇ. ಮಗಳ ಬಾಣಂತನಕ್ಕೆ ಯಾರು ಹೋಗ್ತಾರೆ, ನಾನಾ?”

ಅರ್ಜಿಗೆ ಸಹಿ ಹಾಕಿದವರೇ ತಪಾಸಣೆಗೆ ಎದುರಿರಬೇಕು, ಪರವಾನಗಿ ಸಿಗುವವರೆಗೆ ದೇಶ ಬಿಡಬಾರದು ಎಂಬುದು ಇಲ್ಲಿಯ ಕಾಯಿದೆ, ಸಹಿ ಅವಳದು. ಮಗಳಿಗೆ ಇದು ಚೊಚ್ಚಲು, ವೈದ್ಯರು ಕೊಟ್ಟ ದಿನಕ್ಕೆ ಉಳಿದಿದ್ದದ್ದು ನಾಲ್ಕು ದಿನ. “ನೀನು ಬರೋವರೆಗೂ ನಾನು ಹೆರಲ್ಲ, ನೋಡ್ತಿರು,” ಎಂದು ಹಿಂದಿನ ದಿನವಷ್ಟೇ ನಕ್ಕಿದ್ದಳು. ಇಟ್ಟಿಗೆ ಇಟ್ಟಲ್ಲೇ ಉಳಿಯಿತು.

ತನಿಖಾಧಿಕಾರಿ ಬಂದರು; ದಣಿದ ಮೋರೆಯ, ಮಿತಭಾಷಿ ಮನುಷ್ಯ. ಫಲಕದ ಅಕ್ಷರಗಳನ್ನೂ ಮೆಟ್ಟಿಲಿನ ಎತ್ತರವನ್ನೂ ಅಳೆದು, ಹಿಂಬಾಗಿಲ ಮುಂದೆ ಒಂದು ಗಳಿಗೆ ನಿಂತು, ಬೀದಿಯಿಂದ ಬಂದ ಗಾಳಿಗೆ ಕೊರಳು ಒಡ್ಡಿದರು.

“ಚೆನ್ನಾಗಿ ಗಾಳಿ ಬರುತ್ತೆ,” ಎಂದು ಮುಂದಿನ ಹಾಳೆ ತಿರುವಿದರು. ವ್ಯವಸ್ಥಾಪಕ ಅವಳತ್ತ ನೋಡಿ ಹುಬ್ಬು ಏರಿಸಿದ. ಆಚೆ ಮಾರಾಟಕ್ಕೆ ಹೊಸದಾಗಿ ಸೇರಿದ ಹೆಂಗಸರಿಬ್ಬರು ಅಂಗಿಗಳನ್ನು ಮಡಿಸುತ್ತ ಯಾವುದಕ್ಕೋ ನಗುತ್ತಿದ್ದರು. ಅವರು ಈ ಕದವನ್ನು ಇನ್ನೂ ಮುಟ್ಟಿಯೂ ನೋಡಿರಲಿಲ್ಲ.

ಲೇಖನಿ ಸಹಿಯ ಸಾಲಿಗೆ ಇಳಿಯುವಷ್ಟರಲ್ಲಿ ಅವಳು ಕಾಲಿನಿಂದ ಇಟ್ಟಿಗೆಯನ್ನು ಸರಿಸಿದಳು. ಕದ ತಾನೇ ಹಿಂದಿರುಗಿ ಚೌಕಟ್ಟಿಗೆ ಕೂತಿತು.

“ಈಗ ತಳ್ಳಿ ನೋಡಿ, ಸ್ವಾಮಿ.”

ಅವರು ತಳ್ಳಿದರು. ಮತ್ತೊಮ್ಮೆ ತಳ್ಳಿದರು.

“ನಕ್ಷೆ ಕೊಟ್ಟವಳು ನಾನು. ಬಡಗಿಯವರದು ತಪ್ಪಿಲ್ಲ, ಹಾಗೇ ಬರ್ಕೊಳ್ಳಿ.”

ಅವರು ಅವಳ ಮುಖವನ್ನೊಮ್ಮೆ ನೋಡಿ, ಹಾಗೆಯೇ ಬರೆದುಕೊಂಡರು. “ಮುಂದಿನ ಸರದಿ ಒಂಬತ್ತು ದಿನಕ್ಕೆ.”

ಮಗಳು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, “ಕಾಯಿದೆಯಮ್ಮನ ಮೊಮ್ಮಗು ತಾನೇ? ಪರವಾನಗಿ ಬರೋವರೆಗೂ ಕಾದ್ರೂ ಕಾಯಬಹುದು,” ಎಂದಳು. ಮತ್ತೆ, ತಗ್ಗಿದ ದನಿಯಲ್ಲಿ, “ಅತ್ತೆ ಇದಾರಮ್ಮ. ನೀನು ಯೋಚನೆ ಮಾಡ್ಬೇಡ.”

ಯೋಚನೆ ಮಾಡಬೇಡವೆಂದ ಮಾತೇ ಅವಳನ್ನು ರಾತ್ರಿಯಿಡೀ ಹೊರಳಾಡಿಸಿತು.

ಮರುದಿನ ಸಂಜೆ ಬಡಗಿ ಉಳಿ ಸುತ್ತಿಗೆಗಳನ್ನು ಚೀಲಕ್ಕೆ ಹಾಕಿ, “ಇಕೊಳ್ಳಿ, ನಿಮ್ಮ ಹೊರಬಾಗಿಲು,” ಎಂದು ಬೀದಿಗಿಳಿದ. ಅವಳು ಮಳಿಗೆಯ ಮುಂತುದಿಗೆ ಹೋಗಿ, ಫೋನನ್ನು ಒಂದು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಇನ್ನೊಂದು ಅಂಗೈಯನ್ನು ಗೋಡೆಗೆ ಒತ್ತಿ ಎಣಿಸುತ್ತ ನಡೆದಳು. ನಲವತ್ತೊಂದಕ್ಕೆ ಮರ ತಾಗಿತು. ತಾಗಿದ್ದೇ ಕದ ಬೀದಿಯತ್ತ ತೆರೆದುಕೊಂಡಿತು. ಹೊರಗೆ ಅದೇ ಇಟ್ಟಿಗೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ ಬಡಗಿ, ಚಾಚಿದ್ದ ಕಾಲುಗಳನ್ನು ಮಡಿಸಿಕೊಂಡು ಅವಳಿಗೆ ದಾರಿ ಬಿಟ್ಟ.