ಚೋಮಿಯ ಎರಡು ಚೀಲ

ಹಾಗಾದರೆ ಇದರೊಳಗೆ ಯಜಮಾನ ಅಂತ ಯಾರಿದ್ದಾರೆ, ಬೆಳೆಗಾರರ ಸೊಸೈಟಿಯ ಗುಮಾಸ್ತ ಚಿದಾನಂದ ಜೋರಾಗಿಯೇ ಕೇಳಿದ, ಯಾರನ್ನೂ ಅಲ್ಲ, ಎದುರಿಗಿದ್ದದ್ದು ಕಂಪ್ಯೂಟರಿನ ಪರದೆ, ಅದರಲ್ಲಿ ಹಸಿರು ಅಕ್ಷರ, ಕೃಷ್ಣಪ್ಪ, ಕಾಫಿ, ಎಂಟು ಚೀಲ — ಎಂಟಲ್ಲ, ಆರು, ಉಳಿದೆರಡು ಚೋಮಿಯವು, ಬೆಳಿಗ್ಗೆ ಇಬ್ಬರದೂ ಒಂದೇ ಪಿಕಪ್ಪಿನಲ್ಲಿ ಬಂದಿತ್ತು, ಒಂದೇ ಕಣದಲ್ಲಿ ಒಣಗಿಸುವವರು, ಇಪ್ಪತ್ತು ವರ್ಷದಿಂದ ಅವನು ಹೀಗೇ ಒಂದು ಹೆಸರಿಗೆ ಹಾಕಿಕೊಂಡು ಸಂಜೆ ಬಿಡುವಾದಾಗ ಬಿಡಿಸಿ ಬರೆಯುತ್ತಿದ್ದ, ಇವತ್ತೂ ರೂಢಿಯಂತೆ ಹಾಗೇ ಹಾಕಿದ್ದ, ಹಳೆಯ ಪ್ರೋಗ್ರಾಮಿನಲ್ಲಿ ಎಲ್ಲ ಕೋಣೆಗೂ ಒಂದೇ ಬೀಗದಕೈ, ಅದು ಅವನ ಸೊಂಟದಲ್ಲಿ. ಈಗ ಹೊಸದರಲ್ಲಿ ತೂಕಕ್ಕೊಂದು ಸರ್ವಿಸ್, ಅಂದರೆ ಬೇರೆಯೇ ಒಂದು ಪುಟ್ಟ ಪ್ರೋಗ್ರಾಮು, ಗೋದಾಮಿಗೊಂದು, ಸ್ಯಾಂಪಲ್ಲಿಗೊಂದು, ಒಂದೊಂದೂ ತನ್ನ ಕೆಲಸ ಮಾತ್ರ ಮಾಡುತ್ತೆ ಸರ್, ಇನ್ನೊಂದು ಕೇಳಿದರೆ ಉತ್ತರ ಕೊಡುತ್ತೆ, ಒಳಗೆ ಮಾತ್ರ ಬಿಟ್ಕೊಳ್ಳಲ್ಲ, ಅಂದಿದ್ದಳು ಇದನ್ನು ಮಾಡಿಕೊಟ್ಟ ಕುಶಾಲನಗರದ ಶ್ವೇತ, ಆಗ ತಿಳಿದಂತೆಯೇ ಇತ್ತು, ಮಠದ ಜಗುಲಿಯಲ್ಲಿ ಅಜ್ಜ ಕಾವ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಹಾಗೇ ತಾನೆ — ಆದರೆ ಅಜ್ಜ ಒಂದು ಪದ್ಯ ಹಾರಿಸಿದರೆ ಅರ್ಥ ಹೇಳುವವರು ಸುಮ್ಮನೆ ಕೆಮ್ಮುತ್ತಿದ್ದರು, ಅಜ್ಜ ಹಿಂದಕ್ಕೆ ಹೋಗುತ್ತಿದ್ದ, ಇವಕ್ಕೆ ಕೆಮ್ಮು ಎಲ್ಲಿದೆ ಶಿವನೇ, ತೂಕ ಎಂಟು ಅಂದಿತು, ಗೋದಾಮು ಎಂಟು ಅಂದಿತು, ಎಂಟು. ಅಣ್ಣ, ಈ ಸಲ ನನ್ನ ಹೆಸರಲ್ಲೇ ಹೋಗ್ಬೇಕು, ಬೆಳಿಗ್ಗೆ ಚೋಮಿ ಹೇಳಿದ್ದಳು, ಅರ್ಧ ಎಕರೆಯಲ್ಲಿ ಒಂದೊಂದೇ ಹಣ್ಣು ಆರಿಸಿದವಳು, ಮಡಿಕೇರಿಯ ರುಚಿ ಸ್ಪರ್ಧೆಗೆ ಮೊದಲ ಸಲ, ಕೃಷ್ಣಪ್ಪ ನಕ್ಕಿದ್ದ, ಏನಮ್ಮ, ಕಾಫಿಗೆ ನಾಮಕರಣವಾ, ತೊಟ್ಟಿಲು ತರ್ಲಾ, ಅಂತ, ತನ್ನಿ, ನಿಮ್ಮ ಆರು ಚೀಲಾನೂ ಮಲಗಿಸಿ ತೂಗಿದ್ರಾಯ್ತು, ಅಂದಳು ಅವಳು. ಐದಕ್ಕೆ ಸ್ಪರ್ಧೆಯ ಸ್ಯಾಂಪಲ್ ಒಯ್ಯುವ ಜೀಪು ಹೊರಡುತ್ತದೆ, ಅವಳ ಚೀಲದಿಂದ ತೆಗೆದ ಸ್ಯಾಂಪಲ್ ಪೊಟ್ಟಣದ ಮೇಲೆ ಕೃಷ್ಣಪ್ಪನ ಹೆಸರು ಅಚ್ಚಾಗಿ ಕೂತಿದೆ, ಗಂಟೆ ನಾಲ್ಕೂವರೆ. ತಿದ್ದಲು ದಾರಿಯಿಲ್ಲವೆಂದಲ್ಲ, ಇದೆ, ತಪ್ಪು ನನ್ನದು ಎಂದು ಬರೆದು ತೂಕದ ಸರ್ವಿಸಿನ ಬಾಗಿಲಿನಿಂದಲೇ ಕಳಿಸಬೇಕು, ಅದು ಎಲ್ಲ ಸರ್ವಿಸಿಗೂ ಹೋಗುತ್ತದೆ, ಅಧ್ಯಕ್ಷರ ಮೊಬೈಲಿಗೂ, ಇಪ್ಪತ್ತು ವರ್ಷದಲ್ಲಿ ಒಂದು ತಪ್ಪಿಲ್ಲದ ಚಿದಾನಂದ, ಅಥವಾ ದಿನಾ ಸಂಜೆ ತಾನೇ ತಿದ್ದಿಕೊಂಡು ತಪ್ಪಿಲ್ಲದವನಾದ ಚಿದಾನಂದ, ಯಾವುದು ನಿಜ — ಫೋನು ಕಿವಿಯಲ್ಲೇ ಇದೆ, ಯಾವಾಗ ಮಾಡಿದನೋ, ಶ್ವೇತಮ್ಮ, ಬರೆದು ಕಳಿಸೋದೆಲ್ಲ ಬೇಡ, ನೀವೇ ಒಳಗಿಂದ ಒಂದು ಹೆಸರು ಬದಲಾಯಿಸಿಬಿಡಿ, ಯಾರಿಗೂ ಗೊತ್ತಾಗಲ್ಲ, ಚೋಮಿಗೋಸ್ಕರ, ಅಂದನೇ, ನನಗೋಸ್ಕರ ಅಂದನೇ, ಹಸಿರು ಎಂಟು, ಎಂಟು, ಆಗಲ್ಲ ಸರ್, ಅಂದಳು ಶ್ವೇತ, ನಾನು ಮಾಡಲ್ಲ, ನೀವೇ ಬರೆದು ಕಳಿಸಿ.